ಹಳೆ ಆರ್‌ಎಕ್ಸ್ 100: ಕೊಳ್ಳುವ ಮುಂಚೆ ನೋಡಿದ್ದು, ಇಂಜಿನ್ ಬಿಚ್ಚಿದಾಗ ಕಂಡದ್ದು

ಗಾಡಿ: ಯಮಹಾ ಆರ್‌ಎಕ್ಸ್ 100, 1994ರ ಮಾಡೆಲ್, ಮೈಸೂರು ನೋಂದಣಿ. ಮಾರುವವರ ಮಾತು: "ಇಂಜಿನ್ ಓಪನ್ ಆಗಿಲ್ಲ, ಪೇಂಟು ಕ್ರೋಮು ಎಲ್ಲಾ ಹೊಸದು, ಒಂದ್ ರೂಪಾಯಿ ಕೆಲಸ ಇಲ್ಲ." ಕೆಲಸ ಏನೇನಿತ್ತು ಎಂಬುದು ಕೆಳಗಿದೆ. ಹೊರಗೆ ಕಂಡ ಲಕ್ಷಣಕ್ಕೂ ಇಂಜಿನ್ ಒಳಗೆ ಸಿಕ್ಕ ಕಾರಣಕ್ಕೂ ತಾಳೆ ಹಾಕುತ್ತಾ ಬರೆದಿದೆ. ಹಳೆ ಟೂ ಸ್ಟ್ರೋಕ್ (ಪೆಟ್ರೋಲಿನ ಜೊತೆ ಆಯಿಲೂ ಉರಿಯುವ ಇಂಜಿನ್ನಿನ ಗಾಡಿ) ನೋಡಲು ಹೊರಟವರಿಗೆ ಬೇಕಾಗುವುದು ಅದೇ.

ಆರ್‌ಎಕ್ಸ್ 100 ನಮ್ಮಲ್ಲಿ ತಯಾರಾದದ್ದು 1985ರಿಂದ 1996ರ ತನಕ. ಟ್ಯಾಂಕು, ಮಡ್‌ಗಾರ್ಡು, ಸೈಡ್ ಪ್ಯಾನೆಲ್ಲು, ಹೆಡ್‌ಲೈಟ್ ಡೂಮು, ಸೀಟು ಎಲ್ಲಕ್ಕೂ ಮಾರುಕಟ್ಟೆಯಲ್ಲಿ ನಕಲು ಉಂಟು. ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದವು ಮೂರೇ: ಆರ್‌ಸಿಗೆ ಸರಿಹೊಂದುವ ಛಾಸಿ ನಂಬರು, ಒಡೆಯದ, ಬೆಸುಗೆ ಕಾಣದ ಕ್ರ್ಯಾಂಕ್ ಕೇಸು (ಇಂಜಿನ್ನಿನ ಕೆಳಭಾಗದ ಗೂಡು), ಇನ್ನೂ ಬೋರ್ ಮಾಡಿಸಲು (ಒಳಗೋಡೆ ಕೊರೆದು ಅಗಲಿಸಲು) ಜಾಗ ಉಳಿದಿರುವ ಒರಿಜಿನಲ್ ಬ್ಲಾಕು, ಅಂದರೆ ಪಿಸ್ಟನ್ ಆಡುವ ಸಿಲಿಂಡರು. ಬೆಲೆ ಕಟ್ಟಬೇಕಾದ್ದು ಇವಕ್ಕೆ. ಪೇಂಟಿನ ಹೊಳಪು ನೋಡಿ ಇಪ್ಪತ್ತು ಸಾವಿರ ಜಾಸ್ತಿ ಕೊಡುವವರು ಇರುವವರೆಗೂ ಪೇಂಟ್ ಹೊಡೆದು ಮಾರುವವರೂ ಇರುತ್ತಾರೆ.

ಮೊದಲು ನಂಬರು, ಆಮೇಲೆ ಕಿಕ್ಕು

ಇಂಜಿನ್ ನಂಬರು, ಛಾಸಿ ನಂಬರು ಎರಡೂ 1ಎಲ್1 ಎಂದು ಶುರುವಾಗಬೇಕು. ಛಾಸಿ ನಂಬರು ಹ್ಯಾಂಡಲ್ ಕೆಳಗಿನ ಕತ್ತಿನ ಪೈಪಿನ ಮೇಲೆ, ಇಂಜಿನ್ ನಂಬರು ಕ್ರ್ಯಾಂಕ್ ಕೇಸಿನ ಮೇಲೆ. "1999ರ ಆರ್‌ಎಕ್ಸ್ 100" ಎಂದು ಯಾರಾದರೂ ಹೇಳಿದರೆ ಅದು ಸಾಮಾನ್ಯವಾಗಿ ಆರ್‌ಎಕ್ಸ್‌ಜಿ ಅಥವಾ 135. ಅವು 132 ಸಿಸಿಯವು, ಸ್ಟಿಕ್ಕರ್ ಮಾತ್ರ 100. ಗಾಡಿ ಕೆಟ್ಟದು ಅಂತಲ್ಲ, ಬೆಲೆ ಬೇರೆ. ಛಾಸಿ 100ರದ್ದಾಗಿ ಇಂಜಿನ್ ಮಾತ್ರ 135ರದ್ದು ಕೂರಿಸಿದ ಗಾಡಿಗಳೂ ಬೇಕಾದಷ್ಟಿವೆ. ಇಂಜಿನ್ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿಲ್ಲದಿದ್ದರೆ ಅಂಥದ್ದನ್ನು ಅಲ್ಲೇ ಬಿಡಿ.

ನಂಬರಿನ ಮೇಲೆ ಪೇಂಟ್ ದಪ್ಪಗಿದ್ದರೆ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ ನೋಡಬೇಕು. ಈ ಗಾಡಿಗೆ ಪೌಡರ್ ಕೋಟಿಂಗ್ ಆಗಿತ್ತು. ಅದು ಥಿನ್ನರ್‌ಗೆ ಬಗ್ಗುವುದಿಲ್ಲ, ಪೇಂಟ್ ರಿಮೂವರ್ ಹಚ್ಚಿ ಕೆರೆಯಬೇಕು. ಒಪ್ಪದವರ ಗಾಡಿ ಬೇಡ. ಕೆರೆದ ಮೇಲೆ ನಂಬರಿನ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಹೇಗೂ ಆರ್‌ಟಿಒ ಕಾಗದಕ್ಕೆ ಈ ಪ್ರಿಂಟು ಬೇಕಾಗುತ್ತದೆ. ಕಣ್ಣಿಗೆ ಕಾಣದ ಗ್ರೈಂಡರ್ ಗೀರು, ಹಳೆ ಅಂಕಿಯ ನೆರಳು, ಅಂಕಿಗಳ ನಡುವಿನ ಏರುಪೇರು ಅಂತರ ಪೆನ್ಸಿಲ್ ಪ್ರಿಂಟಿನಲ್ಲಿ ಎದ್ದು ಕಾಣುತ್ತವೆ. ಕತ್ತಿನ ಪೈಪಿನ ಸುತ್ತ ಹೊಸ ಬೆಸುಗೆ ಇದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಕಾಗದ ನೋಡುವಾಗ ಲೆಕ್ಕ ಹೀಗೆ: ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 1994ರ ಗಾಡಿ ಹೊತ್ತಿಗೆ ಸರಿಯಾಗಿ ನವೀಕರಣ ಆಗಿದ್ದರೆ 2009, 2014, 2019, 2024 ಎಂದು ಸಾಲು ಬರಬೇಕು, ಈಗಿನ ಅವಧಿ 2029ಕ್ಕೆ ಮುಗಿಯಬೇಕು. ಅವಧಿ ಮೀರಿದ್ದರೆ ನವೀಕರಣ ಮಾಡಿಸಿಕೊಡುವುದು ಮಾರುವವರ ಕೆಲಸ. "ನೀವೇ ಮಾಡಿಸ್ಕೊಳ್ಳಿ, ಎರಡ್ ಸಾವಿರ ಕಮ್ಮಿ ಮಾಡ್ಕೊಡ್ತೀನಿ" ಎಂಬುದಕ್ಕೆ ಒಪ್ಪಿದರೆ ಸಿಕ್ಕಿಕೊಳ್ಳುವುದು ನೀವೇ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಗಾಡಿ ಅಲ್ಲಿ ಬರದೇ ಇದ್ದರೆ ಬಹುಶಃ ಹಳೆ ಲೆಡ್ಜರಿನಿಂದ ಕಂಪ್ಯೂಟರಿಗೆ ದಾಖಲೆ ಏರಿಲ್ಲ; ಏರುವ ತನಕ ವರ್ಗಾವಣೆ ಆಗದು. ಕೆಎ ಸರಣಿ ಬಂದದ್ದೇ 1989ರಲ್ಲಿ. 1987ರ ಗಾಡಿಗೆ ಕೆಎ ನಂಬರ್ ಇದ್ದರೆ ಮರುನೋಂದಣಿ ಯಾಕಾಯಿತು ಎಂದು ಕೇಳಿ.

ಇನ್ನೊಂದು ಗಂಟು ಸಾಲದ್ದು. ತೊಂಬತ್ತರ ದಶಕದಲ್ಲಿ ಸಾಲ ಕೊಟ್ಟ ಎಷ್ಟೋ ಫೈನಾನ್ಸ್‌ಗಳು ಬಾಗಿಲು ಹಾಕಿಯಾಗಿದೆ, ಆರ್‌ಸಿಯಲ್ಲಿ ಮಾತ್ರ ಹೆಸರು ಹಾಗೇ ಇದೆ. ಸಾಲ ತೀರಿದ್ದಕ್ಕೆ ಫಾರ್ಮ್ 35ಕ್ಕೆ ಸಹಿ ಹಾಕುವವರೇ ಇಲ್ಲದಿದ್ದರೆ ಆರ್‌ಟಿಒ ಮೆಟ್ಟಿಲು ಸವೆಸಬೇಕು. ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಹೊರರಾಜ್ಯದ ಗಾಡಿಯಾದರೆ ಫಾರ್ಮ್ 28ರ ಎನ್‌ಒಸಿ, ಇವುಗಳಿಗೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರೇ ಸಹಿ ಮಾಡಬೇಕು. ನಡುವಿನ ಬ್ರೋಕರ್ ಸಹಿ ಹಾಕಿದ ಖಾಲಿ ಫಾರ್ಮು ಕಾಗದದ ಚೂರಷ್ಟೇ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ತಣ್ಣಗಿರುವಾಗಲೇ ನೋಡಿ

ಹೋದ ತಕ್ಷಣ ಬ್ಲಾಕಿನ ರೆಕ್ಕೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಾಗುವ ತನಕ ಕಾಗದ ನೋಡುತ್ತಾ ಕೂರಿ.

"ಓಪನ್ ಆಗಿಲ್ಲ" ಎಂಬ ಮಾತನ್ನು ಪರೀಕ್ಷಿಸಲು ಎರಡು ನಿಮಿಷ ಸಾಕು. ಸೈಡ್ ಕವರಿನ ಸ್ಟಾರ್ ಸ್ಕ್ರೂ ತಲೆ ತಿಂದಿದೆಯೇ, ಸ್ಕ್ರೂ ಜಾಗದಲ್ಲಿ ಅಲೆನ್ ಬೋಲ್ಟ್ ಬಂದಿದೆಯೇ, ಹೆಡ್ ನಟ್ಟಿನ ಮೂಲೆ ಸವೆದಿದೆಯೇ, ಕ್ರ್ಯಾಂಕ್ ಕೇಸಿನ ಎರಡು ಹೋಳು ಸೇರುವಲ್ಲಿ ಗ್ಯಾಸ್ಕೆಟ್ ಪೇಸ್ಟ್ ಉಕ್ಕಿ ಬಂದಿದೆಯೇ? ಈ ಗಾಡಿಯಲ್ಲಿ ನಾಲ್ಕಕ್ಕೂ ಉತ್ತರ ಹೌದು. ಮೂವತ್ತು ವರ್ಷದ ಟೂ ಸ್ಟ್ರೋಕ್ ಬಿಚ್ಚಿರುವುದು ತಪ್ಪಲ್ಲ, ಬಿಚ್ಚದೆ ಇರುವುದೇ ಅಪರೂಪ. ಬಿಚ್ಚಿದವರು ಎಷ್ಟು ಬೋರ್ ತಿಂದಿದ್ದಾರೆ ಎಂಬುದಷ್ಟೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಪಿಸ್ಟನ್ ತಲೆಯ ಮೇಲೇ ಅಚ್ಚಾಗಿರುತ್ತದೆ. ಸ್ಟಾಂಡರ್ಡ್ ಬೋರ್ 50 ಎಂಎಂ. ಸವೆದ ಹಾಗೆಲ್ಲ 25, 50, 75, 100 ಎಂಬ ನಾಲ್ಕು ಓವರ್‌ಸೈಜ್, ಅಂದರೆ 50.25ರಿಂದ 51.00 ಎಂಎಂ. ಪ್ಲಗ್ ತೆಗೆದು, ಫೋನಿಗೆ ಸಿಕ್ಕಿಸುವ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿದರೆ ಇಂಗಾಲದ ನಡುವೆಯೂ ಅಂಕಿ ಓದಬಹುದು. ಈ ಗಾಡಿಯಲ್ಲಿ 50 ಎಂದಿತ್ತು, ಅಂದರೆ ಎರಡು ಬೋರ್ ಮುಗಿದು ಇನ್ನೆರಡು ಉಳಿದಿವೆ. 100 ಕಂಡರೆ ಮುಂದಿನ ಸಲ ಬ್ಲಾಕನ್ನೇ ಬದಲಿಸಬೇಕು ಇಲ್ಲವೇ ಒಳಗೆ ಹೊಸ ಕೊಳವೆ (ಸ್ಲೀವ್) ಹಾಕಿಸಬೇಕು. ಆ ಖರ್ಚನ್ನು ಈಗಲೇ ಬೆಲೆಯಿಂದ ಕಳೆಯಿರಿ.

ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ಅಳೆಯುವ ಗೇಜ್ ಇದ್ದರೆ 14 ಎಂಎಂ ಅಡಾಪ್ಟರ್ ಹಾಕಿ, ಥ್ರಾಟಲ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ನಿಲ್ಲುವ ತನಕ ಐದಾರು ಕಿಕ್ ಹೊಡೆಯಿರಿ. ಥ್ರಾಟಲ್ ಮುಚ್ಚಿದ್ದರೆ ಗೇಜು ಕಡಿಮೆ ತೋರಿಸುತ್ತದೆ. 110ರಿಂದ 130 ಪಿಎಸ್‌ಐ ಬಂದರೆ ನೆಮ್ಮದಿ, 90ರ ಕೆಳಗೆ ಬಂದರೆ ಪಿಸ್ಟನ್ ಕಿಟ್ ಖರ್ಚು ಖಾತ್ರಿ. ಇಲ್ಲಿ ಬಂದದ್ದು 95. ಒಂದು ಎಚ್ಚರಿಕೆ: ಹೆಡ್ ಉಜ್ಜಿಸಿ ಕಂಪ್ರೆಷನ್ ಏರಿಸಿದ ಗಾಡಿಯಲ್ಲಿ ಸವೆದ ಬ್ಲಾಕೂ 120 ತೋರಿಸುತ್ತದೆ. ಆದ್ದರಿಂದ ಗೇಜಿನ ಜೊತೆ ಕಣ್ಣೂ ಬೇಕು. ಬ್ಲಾಕಿನ ಬಳಿ ಸೈಲೆನ್ಸರ್ ಬೆಂಡ್ ಬಿಚ್ಚಿ ಎಕ್ಸಾಸ್ಟ್ ಪೋರ್ಟಿಗೆ (ಹೊಗೆ ಹೊರಹೋಗುವ ಕಿಂಡಿ) ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಮೈ ನೇರ ಕಾಣುತ್ತದೆ. ಮೇಲಿಂದ ಕೆಳಗೆ ಗೀರು, ಅಲ್ಯೂಮಿನಿಯಂ ಮೆತ್ತಿಕೊಂಡ ಗುರುತು ಇದ್ದರೆ ಒಮ್ಮೆಯಾದರೂ ಸೀಜ್ ಆಗಿದೆ, ಅಂದರೆ ಪಿಸ್ಟನ್ ಕಾದು ಬ್ಲಾಕಿಗೆ ಕಚ್ಚಿಕೊಂಡಿದೆ. ಎಕ್ಸಾಸ್ಟ್ ಕಡೆಯೇ ಹೆಚ್ಚು ಕಾಯುವುದರಿಂದ ಸೀಜ್ ಶುರುವಾಗುವುದು ಬಹುತೇಕ ಅಲ್ಲೇ.

ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ಶಾಫ್ಟ್) ಪರೀಕ್ಷೆಗೆ ಎಡಗಡೆಯ ಮ್ಯಾಗ್ನೆಟ್ (ಕಿಡಿಗೆ ಕರೆಂಟ್ ಹುಟ್ಟಿಸುವ ಚಕ್ರ) ಕವರ್ ಬಿಚ್ಚಿ. ಮ್ಯಾಗ್ನೆಟ್ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿದರೆ ಒಂದಿಷ್ಟೂ ಅಲ್ಲಾಡಕೂಡದು. ಆಡಿದರೆ ಮೇನ್ ಬೇರಿಂಗ್ ಹೋಗಿದೆ. ಆಮೇಲೆ ಪ್ಲಗ್ ತೂತಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟ್ರಾ ಇಳಿಸಿ, ಪಿಸ್ಟನ್ ಮೇಲಿನ ತುದಿಗಿಂತ ತುಸು ಕೆಳಗಿರುವಾಗ ಮ್ಯಾಗ್ನೆಟ್ಟನ್ನು ಹಿಂದೆ ಮುಂದೆ ಸಣ್ಣಗೆ ತಿರುಗಿಸಿ. ಮ್ಯಾಗ್ನೆಟ್ ತಿರುಗಿದರೂ ಸ್ಟ್ರಾ ಕದಲದ ಜಾಗ ಎಷ್ಟಿದೆಯೋ ಅಷ್ಟು ಸವೆತ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಬೇರಿಂಗಿನಲ್ಲಿ ಇದೆ. ಸ್ಕ್ರೂಡ್ರೈವರ್ ಹಾಕಬೇಡಿ, ಪಿಸ್ಟನ್ ತಲೆಗೆ ಗೀರು ಬೀಳುತ್ತದೆ.

ಸ್ಟಾರ್ಟ್ ಮಾಡಿದ ಮೇಲೆ

ಹೊಗೆ ಬಂದರೆ ಗಾಬರಿ ಬೇಡ. ನಿಂತಿದ್ದ ಟೂ ಸ್ಟ್ರೋಕ್ ಮೊದಲ ಒಂದೆರಡು ನಿಮಿಷ ಹೊಗೆ ಕಕ್ಕಲೇಬೇಕು. ಐದು ಕಿಲೋಮೀಟರ್ ಓಡಿಸಿದ ಮೇಲೂ ಬೆನ್ನ ಹಿಂದೆ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್ ಆಯಿಲ್ ಹೊರಗೆ ಸೋರದೆಯೇ ಕಡಿಮೆಯಾಗುತ್ತಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹರಿದು ಇಂಜಿನ್ ಗೇರ್ ಆಯಿಲ್ ಕುಡಿಯುತ್ತಿದೆ. ಎಡಗಡೆ ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಲಕ್ಷಣ ಬೇರೆ: ಅದು ಗಾಳಿ ಎಳೆಯುತ್ತದೆ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಮೇಲೇ ತೇಲುತ್ತದೆ, ಐಡ್ಲಿಂಗ್ ಒಂದು ಕಡೆ ನಿಲ್ಲುವುದಿಲ್ಲ, ಪ್ಲಗ್ ಸುಣ್ಣದಂತೆ ಬೆಳ್ಳಗಾಗುತ್ತದೆ. ಇದನ್ನು ಕಾರ್ಬೊರೇಟರ್ ತೊಂದರೆ ಎಂದು ಎಷ್ಟು ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಬದಲಿಸಿದರೂ ಪ್ರಯೋಜನವಿಲ್ಲ. ಹೀಗೇ ಓಡಿಸಿದರೆ ಕೊನೆಗೆ ಸೀಜ್. ಈ ಗಾಡಿಯ ಆರ್‌ಪಿಎಂ ಹೀಗೆ ತೇಲುತ್ತಿತ್ತು.

ಹೊಗೆಯೇ ಇಲ್ಲದಿದ್ದರೆ? ಅದು ಇನ್ನೂ ಕೆಟ್ಟದು. ಆಯಿಲ್ ಪಂಪ್ ಕೆಲಸ ಮಾಡುತ್ತಿದೆಯೇ, ಕಟ್ ಮಾಡಿದ್ದಾರೆಯೇ ಎಂದು ಮೊದಲು ನೋಡಿ. ಪಂಪ್ ತೆಗೆಸಿ ಪೆಟ್ರೋಲಿಗೇ ಆಯಿಲ್ ಬೆರೆಸುವ ಪದ್ಧತಿ ನಮ್ಮಲ್ಲಿ ಸಾಮಾನ್ಯ, ಅದರಲ್ಲಿ ದೋಷವಿಲ್ಲ. ಲೀಟರಿಗೆ 25 ಎಂಎಲ್ 2ಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿದರೆ 40ಕ್ಕೆ 1ರ ಪ್ರಮಾಣ ಆಯಿತು. ಪಂಪ್ ಇಲ್ಲದ ಗಾಡಿಯನ್ನು ಪಂಪ್ ಇದೆ ಎಂದುಕೊಂಡು ಬರೀ ಪೆಟ್ರೋಲ್ ಹಾಕಿ ಓಡಿಸಿ, ಮನೆ ತಲುಪುವ ಮುಂಚೆ ಸೀಜ್ ಮಾಡಿಕೊಂಡವರಿದ್ದಾರೆ. ಮಾರುವವರನ್ನು ಕೇಳಿ ಸುಮ್ಮನಾಗದೆ ಥ್ರಾಟಲ್ ಕೇಬಲ್ ಎರಡಾಗಿ ಒಡೆದು ಒಂದು ಎಳೆ ಪಂಪಿಗೆ ಹೋಗಿದೆಯೇ ಎಂದು ಕಣ್ಣಾರೆ ನೋಡಿ.

ಶಬ್ದ ಕೇಳುವಾಗ: ತಣ್ಣಗಿದ್ದಾಗ ಬ್ಲಾಕಿನಿಂದ ಬರುವ ಟಪಟಪ ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸಡಿಲ, ಬೋರ್ ಕೆಲಸ. ಬಿಸಿಯಾದಷ್ಟೂ, ಎಕ್ಸಿಲೇಟರ್ ಕೊಟ್ಟಷ್ಟೂ ಕೆಳಗಿಂದ ಗಟ್ಟಿಯಾಗುವ ಟಕ್‌ಟಕ್ ರಾಡಿನದ್ದು, ಕ್ರ್ಯಾಂಕ್ ಕೆಲಸ. ಮೊದಲನೆಯದಕ್ಕಿಂತ ಎರಡನೆಯದರ ಖರ್ಚು ಹಲವು ಪಟ್ಟು, ಯಾಕೆಂದರೆ ಇಂಜಿನ್ ಛಾಸಿಯಿಂದ ಇಳಿದು ಕೇಸು ಎರಡಾಗಬೇಕು. ಓಡಿಸಿ ಬಂದು ಆಫ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಕಿಕ್ ಹೊಡೆಯಿರಿ. ಬಿಸಿಯಲ್ಲಿ ಮಾತ್ರ ಸ್ಟಾರ್ಟ್ ಆಗದೆ ಸತಾಯಿಸಿದರೆ ಮ್ಯಾಗ್ನೆಟ್ ಕಾಯಿಲ್ ಕಡೆ ಅನುಮಾನಿಸಿ. ಬ್ಯಾಟರಿ ಸತ್ತಿರುವುದು ಇದಕ್ಕೆ ನೆಪವಾಗದು, ಈ ಗಾಡಿ ಬ್ಯಾಟರಿ ಇಲ್ಲದೆಯೂ ಸ್ಟಾರ್ಟ್ ಆಗುತ್ತದೆ.

ಛಾಸಿಗೆ ಹಗ್ಗದ ಪರೀಕ್ಷೆ ಸಾಕು. ಹಿಂದಿನ ಟೈರಿನ ಎರಡೂ ಬದಿಗೆ ತಾಗಿದಂತೆ ದಾರ ಬಿಗಿದು ಮುಂದಕ್ಕೆ ಎಳೆಯಿರಿ. ಮುಂದಿನ ಟೈರ್ ಸಣ್ಣದು, ಹಾಗಾಗಿ ಎರಡೂ ಕಡೆ ಸಂದು ಬರುತ್ತದೆ. ಆ ಸಂದು ಸಮ ಇರಬೇಕು. ಚಕ್ರದ ಅಲೈನ್‌ಮೆಂಟ್ ಸರಿಮಾಡಿದ ಮೇಲೂ ಸಮ ಬಾರದಿದ್ದರೆ ಫೋರ್ಕ್ ಅಥವಾ ಛಾಸಿ ಸೊಟ್ಟ. ಮುಂಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಡುವಲ್ಲಿ ಸಿಕ್ಕಿದಂತಾದರೆ ಹ್ಯಾಂಡಲ್ ಬೇರಿಂಗ್ (ಕೋನ್ ಸೆಟ್) ಹೋಗಿದೆ, ಅದು ಸಣ್ಣ ಖರ್ಚು. ಹಿಂದಿನ ಚಕ್ರ ಪಕ್ಕಕ್ಕೆ ಎಳೆದಾಗ ಅಲ್ಲಾಡಿದರೆ ಸ್ವಿಂಗ್ ಆರ್ಮ್ ಬುಷ್, ಅದೂ ಸಣ್ಣದೇ. ಮುಂದೆ ಡಿಸ್ಕ್ ಬ್ರೇಕ್ ಇದ್ದರೆ ಅದು ಕಂಪನಿಯದ್ದಲ್ಲ. ಸೈಲೆನ್ಸರ್ ಒಳಗಿನ ಕೊಳವೆ ಕಿತ್ತಿದ್ದರೆ ಪೊಲೀಸರಿಗೂ ಉತ್ತರ ಕೊಡಬೇಕು, ಕೆಳ ಆರ್‌ಪಿಎಂನ ಎಳೆತವೂ ಹೋಗಿರುತ್ತದೆ.

ಬಿಚ್ಚಿದಾಗ

ಎರಡು ಬೋರ್ ಉಳಿದ ಬ್ಲಾಕು, ಸ್ವಚ್ಛ ನಂಬರು, ನೆಟ್ಟಗಿರುವ ಛಾಸಿ. ಗಾಳಿ ಎಳೆಯುವ ಸೀಲು, ಕಡಿಮೆ ಕಂಪ್ರೆಷನ್ನಿನ ಲೆಕ್ಕ ಹಿಡಿದು ಬೆಲೆ ಇಳಿಸಿ ತಂದದ್ದು. ಇಂಜಿನ್ ಇಳಿಸಿ ಅಳತೆ ತೆಗೆದಾಗ:

ಬೋರ್ ಮೇಲ್ಗಡೆ ಎಕ್ಸಾಸ್ಟ್ ಪೋರ್ಟಿನ ಎತ್ತರದಲ್ಲಿ 50.62, ಕೆಳಗೆ 50.55 ಎಂಎಂ. ಪಿಸ್ಟನ್ ಸ್ಕರ್ಟ್ (ಕೆಳಮೈ) 50.43. ಸಂದು 0.19 ಎಂಎಂ, 0.10 ದಾಟಿದರೇ ಬೋರ್ ಮಾಡಿಸಬೇಕು. ರಿಂಗನ್ನು ಬೋರಿನಲ್ಲಿ ಸಮವಾಗಿ ಕೂರಿಸಿ ತುದಿಗಳ ನಡುವೆ ಫೀಲರ್ ಗೇಜ್ ಹಾಕಿದರೆ 0.75 ಎಂಎಂ, ಇರಬೇಕಾದ್ದು 0.15ರಿಂದ 0.35. ಗೇಜು 95 ತೋರಿಸಿದ್ದು ಇದಕ್ಕೆ.

ಮ್ಯಾಗ್ನೆಟ್ ಬದಿಯ ಸೀಲಿನ ತುಟಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅದೇ ಬದಿಯ ಮೇನ್ ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ಗರಗರ. ಎರಡಕ್ಕೂ ಸಂಬಂಧ ಇದೆ: ಬೇರಿಂಗ್ ಸವೆದು ಕ್ರ್ಯಾಂಕ್ ಅದುರಿದಾಗ ಸೀಲಿನ ತುಟಿ ಅದನ್ನು ಹಿಂಬಾಲಿಸಲಾರದು. ಹಾಗಾಗಿ ಬರೀ ಸೀಲ್ ಬದಲಿಸಿದರೆ ಮತ್ತೆ ಅದೇ ಕಥೆ. ರಾಡ್ ಮೇಲೆ ಕೆಳಗೆ ಎಳೆದರೆ ಆಟವಿಲ್ಲ. ಮೇಲ್ತುದಿ ಪಕ್ಕಕ್ಕೆ ವಾಲುವುದು 1.6 ಎಂಎಂ, ಹೊಸದರಲ್ಲಿ 0.8ರಿಂದ 1.0, ಮಿತಿ 2.0. ಮಿತಿಯೊಳಗೇ ಇದ್ದರೂ ಕೇಸು ಹೇಗೂ ಎರಡಾಗಿದೆ ಎಂದು ರಾಡ್ ಕಿಟ್ ಹಾಕಿಸಿದ್ದಾಯಿತು. ಇನ್ನೊಮ್ಮೆ ಇಂಜಿನ್ ಇಳಿಸುವ ಕೂಲಿಗಿಂತ ಇದು ಅಗ್ಗ. ಪ್ರೆಸ್ ಮಾಡಿದ ಕ್ರ್ಯಾಂಕನ್ನು ಲೇತಿನವರು ಸೆಂಟರ್‌ಗಳ ನಡುವೆ ಇಟ್ಟು ಡಯಲ್ ಗೇಜಿನಲ್ಲಿ ತೋರಿಸಬೇಕು: 0.03 ಎಂಎಂ ಒಳಗೆ ಬರುವ ತನಕ ತಟ್ಟಿ ಸರಿಮಾಡಿಸಿ. ಡಯಲ್ ಗೇಜ್ ಇಲ್ಲದ ಲೇತಿಗೆ ಕ್ರ್ಯಾಂಕ್ ಕೊಡಬೇಡಿ. ಮೇನ್ ಬೇರಿಂಗ್ ಕೊಳ್ಳುವಾಗ ಸಿ3 ಗುರುತಿನದ್ದೇ ಕೇಳಿ. ಬಿಸಿಯಲ್ಲಿ ಹಿಗ್ಗಲು ಅದರಲ್ಲಿ ಜಾಗ ಹೆಚ್ಚು. ಸಾಮಾನ್ಯ ಬೇರಿಂಗ್ ಬಿಗಿಯಾಗಿ ಬೇಗ ಹೋಗುತ್ತದೆ.

ಬ್ಲಾಕನ್ನು 75ಕ್ಕೆ ಬೋರ್ ಮಾಡಿಸಿದ್ದು. ಮೊದಲು ಪಿಸ್ಟನ್ ಕೊಂಡು, ಅದನ್ನೇ ಅಳೆದು, ಅದಕ್ಕೆ 0.04ರಿಂದ 0.05 ಎಂಎಂ ಸಂದು ಬಿಟ್ಟು ಬೋರ್ ಮಾಡಿ ಹೋನಿಂಗ್ (ಒಳಗೋಡೆ ಉಜ್ಜಿ ಹದ ಮಾಡುವುದು) ಮಾಡಬೇಕು. ಡಬ್ಬದ ಮೇಲಿನ ಅಂಕಿ ನಂಬಿ ಬೋರ್ ಮಾಡಿದರೆ ತಪ್ಪುತ್ತದೆ. ಲೇತಿನಲ್ಲಿ ಮರೆತುಹೋಗುವ ಕೆಲಸ ಒಂದಿದೆ. ಬೋರ್ ಆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಷ್ಟು ಹರಿತ ಆಗಿರುತ್ತದೆ, ಅದನ್ನು ಸುತ್ತಲೂ ಅರ್ಧ ಎಂಎಂನಷ್ಟು ಉಜ್ಜಿ ಮೊಂಡು ಮಾಡಬೇಕು. ಬಿಟ್ಟರೆ ರಿಂಗ್ ಪೋರ್ಟಿಗೆ ಸಿಕ್ಕಿ ತುಂಡಾಗುತ್ತದೆ, ಹೊಸ ಬೋರಿನ ಜೊತೆಗೇ.

ಜೋಡಣೆ

ಪಿಸ್ಟನ್ನಿನ ಬಾಣ ಎಕ್ಸಾಸ್ಟ್ ಕಡೆಗೆ. ರಿಂಗಿನ ತುದಿಗಳು ಗ್ರೂವಿನಲ್ಲಿರುವ ಸಣ್ಣ ಪಿನ್ನಿನ ಎರಡು ಬದಿಗೆ ಕೂತಿರಬೇಕು. ಪಿನ್ ಮೇಲೆ ಏರಿದ್ದಾಗ ಬ್ಲಾಕ್ ಒತ್ತಿದರೆ ರಿಂಗ್ ಮುರಿಯುತ್ತದೆ. ಬ್ಲಾಕ್ ಇಳಿಯದಿದ್ದರೆ ಬಲ ಹಾಕದೆ ಮತ್ತೆ ಎತ್ತಿ ನೋಡಿ. ಪಿಸ್ಟನ್ನನ್ನು ರಾಡಿಗೆ ಸಿಕ್ಕಿಸುವ ಗಡ್ಜನ್ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಯಾವಾಗಲೂ ಹೊಸದೇ. ಬಿಚ್ಚಿದ ಸರ್ಕ್ಲಿಪ್ ಮತ್ತೆ ಹಾಕಿ ಉಳಿಸುವ ಐದು ರೂಪಾಯಿಗೆ ಬ್ಲಾಕ್ ಹೋಗುತ್ತದೆ. ರೀಡ್ ವಾಲ್ವ್ (ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ಒಮ್ಮುಖ ಬಾಗಿಲು) ಎಲೆಗಳನ್ನು ಬೆಳಕಿಗೆ ಹಿಡಿದು ತುದಿ ಸಿಬಿರಿಲ್ಲದೆ ಮುಚ್ಚುತ್ತವೆಯೇ ನೋಡಿ.

ಛಾಸಿಗೆ ಏರಿಸುವ ಮುಂಚೆ ಗಾಳಿ ಪರೀಕ್ಷೆ. ಎಕ್ಸಾಸ್ಟಿಗೂ ಇನ್‌ಲೆಟ್ಟಿಗೂ ಹಳೆ ಟ್ಯೂಬಿನ ರಬ್ಬರ್ ಇಟ್ಟು ತಗಡಿನ ಪಟ್ಟಿಯಿಂದ ಬಿಗಿದು, ಪ್ಲಗ್ ತೂತಿನಿಂದ ಬಿಪಿ ನೋಡುವ ಉಪಕರಣದ ಬಲ್ಬು ಮತ್ತು ಗೇಜಿನ ಮೂಲಕ ಗಾಳಿ ತುಂಬಿ. ಪಿಸ್ಟನ್ ಕೆಳತುದಿಯಲ್ಲಿರಲಿ. 300ರ ಗುರುತು ಎಂದರೆ ಸುಮಾರು 5.8 ಪಿಎಸ್‌ಐ, ಇದಕ್ಕೆ ಬೇಕಾದಷ್ಟೇ ಒತ್ತಡ. ಐದಾರು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತರೆ ಸರಿ, ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ಹುಡುಕಿ. ಮೊದಲ ಸಲ ಬೇಸ್ ಗ್ಯಾಸ್ಕೆಟಿನ ಹಿಂಬದಿಯಲ್ಲಿ ಗುಳ್ಳೆ ಬಂತು. ಬ್ಲಾಕಿನ ತಳಕ್ಕೆ ಹಳೆ ಪೇಸ್ಟ್ ಅಂಟಿಕೊಂಡಿತ್ತು. ಕೆರೆದು ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಮುಳ್ಳು ನಿಂತಿತು. ಗ್ಯಾಸ್ಕೆಟ್ ಮಾತ್ರ ಕಂಪನಿ ದಪ್ಪದ್ದೇ ಇರಲಿ. ದಪ್ಪ ಹೆಚ್ಚಾದರೆ ಪೋರ್ಟುಗಳ ಎತ್ತರವೇ ಬದಲಾಗುತ್ತದೆ.

ಆಯಿಲ್ ಪಂಪ್ ಉಳಿಸಿಕೊಂಡದ್ದರಿಂದ ಬ್ಲೀಡ್ ಸ್ಕ್ರೂ ಸಡಿಲಿಸಿ ಗುಳ್ಳೆ ಬರುವುದು ನಿಲ್ಲುವ ತನಕ ಆಯಿಲ್ ಹರಿಸಿ, ಮೊದಲ ಟ್ಯಾಂಕಿಗೆ ಮಾತ್ರ ಪೆಟ್ರೋಲಿಗೂ ಲೀಟರಿಗೆ 20 ಎಂಎಲ್ ಬೆರೆಸಿದ್ದು. ಪೆಟ್ರೋಲ್ ಪೈಪು, ಕಾರ್ಬೊರೇಟರ್ ರಬ್ಬರು ಎಲ್ಲ ಹೊಸದು ಹಾಕಿ. ಈಗ ಬಂಕಿನಲ್ಲಿ ಸಿಗುವ ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲಿಗೆ ತೊಂಬತ್ತರ ರಬ್ಬರ್ ಉಬ್ಬಿ ಕರಗುತ್ತದೆ. ಎಥನಾಲ್ ಇರುವುದರಿಂದ ಮಿಶ್ರಣ ತುಸು ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುತ್ತದೆ. ಸೀಲ್ ಸರಿ ಇದ್ದೂ ಪ್ಲಗ್ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಸೈಜ್ ಏರಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿಡಿ, ಇಲ್ಲವಾದರೆ ನೀರು ಬೇರ್ಪಟ್ಟು ತಳಕ್ಕೆ ತುಕ್ಕು ಹಿಡಿಯುತ್ತದೆ.

ಮೊದಲ 500 ಕಿಲೋಮೀಟರ್ 50ರ ವೇಗ ದಾಟಿಸದೆ, ಒಂದೇ ವೇಗದಲ್ಲಿ ಹಿಡಿದೂ ಇಡದೆ ಓಡಿಸಬೇಕು. ಉದ್ದ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲಿ ಇಳಿಯಬೇಡಿ. ಇಂಜಿನ್ ಸುತ್ತುತ್ತಿರುತ್ತದೆ, ಆಯಿಲ್ ಸಾಕಷ್ಟು ಹೋಗುವುದಿಲ್ಲ. ಆಮೇಲೆ ಇಂಜಿನ್ ಪೂರ್ತಿ ತಣ್ಣಗಾದಾಗ ಹೆಡ್ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಮತ್ತೊಮ್ಮೆ ಬಿಗಿ ನೋಡಿ, ಗೇರ್ ಆಯಿಲ್ ಬದಲಿಸಿ. ಬೈಕಿನ ಜಾಸೋ ಎಂಎ ಗುರುತಿನ ಆಯಿಲ್ಲೇ ಹಾಕಬೇಕು, ಕಾರಿನದ್ದು ಹಾಕಿದರೆ ಕ್ಲಚ್ ಜಾರುತ್ತದೆ. ಈ ಗಾಡಿಯಲ್ಲಿ ಅಷ್ಟೂ ಮುಗಿಸಿ ಗೇಜ್ ಹಾಕಿದಾಗ 126 ಪಿಎಸ್‌ಐ. ಪ್ಲಗ್ ಕಂದು ಬಣ್ಣದಲ್ಲಿದೆ, ಥ್ರಾಟಲ್ ಬಿಟ್ಟ ಕೂಡಲೇ ಆರ್‌ಪಿಎಂ ಕೆಳಗಿಳಿಯುತ್ತದೆ. ಮೂರನೇ ಗೇರಿನಲ್ಲಿ ಸಣ್ಣ ಗುಂಯ್ ಸದ್ದು ಇನ್ನೂ ಇದೆ. ಹಲ್ಲು ಚೆನ್ನಾಗಿವೆ, ಗೇರ್ ಹಾರುತ್ತಿಲ್ಲ, ಅದನ್ನು ಹಾಗೇ ಬಿಟ್ಟಿದೆ.